ಕರಣವೂ ಕರ್ತೃವೂ

ಕೊಡಲಿಯಿಂದ ಮರವನ್ನು ಕಡಿಯುವವನು ಮನುಷ್ಯನೇ ಹೊರತು ಕೊಡಲಿಯಲ್ಲವೆಂಬುದು ಕೌಮುದಿಯನ್ನು ಓದತೊಡಗಿದ ಬಾಲಕನಿಗೂ ತಿಳಿದ ವಿಷಯ. ಕ್ರಿಯೆಯಲ್ಲಿ ಸ್ವತಂತ್ರನಾಗಿರುವವನು ಕರ್ತೃ. ಆ ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವುದು ಕರಣ. ಕೊಡುವವನು ಯಾರನ್ನು ಉದ್ದೇಶಿಸಿ ಕೊಡುತ್ತಾನೆಯೋ ಅವನು ಸಂಪ್ರದಾನ. ಪಾಣಿನಿಯ ಈ ವಿಭಾಗವು ಶಬ್ದಗಳಿಗೆ ಸಂಬಂಧಿಸಿದ್ದೇ ಸರಿ. ಆದರೂ ವಿಶೇಷ ಶಾಲೆಗಳಲ್ಲಿ ಈಗ ಮಕ್ಕಳ ಕೈಗೆ ಬರುತ್ತಿರುವ ಯಂತ್ರಗಳನ್ನೂ ಅವುಗಳನ್ನು ಕೊಡಿಸುವ ಮಹನೀಯರನ್ನೂ ಕುರಿತು ವಿಚಾರಿಸುವಾಗ ಇದಕ್ಕಿಂತ ಉಪಯುಕ್ತವಾದ ಅಳತೆಗೋಲು ದೊರೆಯಲಾರದು.

ಬೆಂಗಳೂರಿನ ಪೂರ್ವಭಾಗಕ್ಕೆ ಈ ವಿಚಾರವು ಹೊಸದಲ್ಲ. ಕಲ್ಯಾಣನಗರಕ್ಕೆ ಅನತಿದೂರದ ಲಿಂಗರಾಜಪುರದಲ್ಲಿರುವ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಎಂಬ ಸಂಸ್ಥೆಯನ್ನು 1959ರಲ್ಲಿ ಸ್ಥಾಪಿಸಿದ ಎನ್. ಎಸ್. ಹೇಮಾ ಅವರು ಸ್ವತಃ ಅಂಗವೈಕಲ್ಯವುಳ್ಳವರು. ಅಂದರೆ ಅಲ್ಲಿ ಸಂಪ್ರದಾನವೆಂದು ಲೋಕವು ಎಣಿಸಿದ್ದ ವ್ಯಕ್ತಿಯೇ ಕರ್ತೃವಾದರು. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವು 1980ರಿಂದ ಸೆರೆಬ್ರಲ್ ಪಾಲ್ಸಿ ಮೊದಲಾದ ತೊಂದರೆಗಳುಳ್ಳ ಮಕ್ಕಳಿಗಾಗಿ ದುಡಿಯುತ್ತ ಬಂದಿದೆ. ಗರ್ಭದಲ್ಲಿಯೋ ಪ್ರಸವಕಾಲದಲ್ಲಿಯೋ ಹುಟ್ಟಿದ ಸ್ವಲ್ಪ ಕಾಲದಲ್ಲಿಯೋ ಮಿದುಳಿಗೆ ಆದ ಘಾತದಿಂದ ಕೈಕಾಲುಗಳೂ ಕೆಲವೊಮ್ಮೆ ನಾಲಗೆಯೂ ಮಗುವಿನ ಅಂಕೆಯಲ್ಲಿರುವುದಿಲ್ಲ. ಬುದ್ಧಿಯು ಮಾತ್ರ ಎಷ್ಟೋ ಮಕ್ಕಳಲ್ಲಿ ಅಕ್ಷತವಾಗಿರುತ್ತದೆ. ಅಂತಹ ಮಗುವನ್ನು ಗೌರವದಿಂದ ಕರೆಯುವುದಕ್ಕೆಂದು ನಮ್ಮ ಸರ್ಕಾರದವರು ‘ವಿಕಲಚೇತನ’ ಎಂಬ ಪದವನ್ನು ರೂಢಿಗೆ ತಂದಿದ್ದಾರೆ. ವಿಗ್ರಹವಾಕ್ಯ ಮಾಡಿ ನೋಡಿದರೆ ಈ ಪದವು ಅಂಗಕ್ಕಿದ್ದ ಊನವನ್ನು ಚೇತನಕ್ಕೇ ಅಂಟಿಸುತ್ತದೆ! ಎಂಟು ಕಡೆ ಡೊಂಕಾಗಿದ್ದ ಅಷ್ಟಾವಕ್ರನು ಜನಕನ ಸಭೆಯಲ್ಲಿ ವಾದವನ್ನು ಗೆದ್ದನೆಂದು ಕಥೆ ಹೇಳುವ ನಾಡಿನಲ್ಲಿ ಇಂತಹ ಪದವು ನೆಲೆನಿಂತದ್ದು ಆಶ್ಚರ್ಯವೇ. ಅದಿರಲಿ.

ಮಾತು ಹೊರಡದ ಮಗುವಿನ ಮುಂದೆ ಚಿತ್ರಗಳೂ ಅಕ್ಷರಗಳೂ ಇರುವ ಒಂದು ಫಲಕವನ್ನಿಡುತ್ತಾರೆ. ಬೆರಳು ಆಡಿದರೆ ಬೆರಳಿನಿಂದ, ಅದೂ ಆಡದಿದ್ದರೆ ಕಣ್ಣಿನ ನೋಟದಿಂದ ಮಗುವು ಒಂದನ್ನು ಆರಿಸುತ್ತದೆ. ಯಂತ್ರವು ಆ ಶಬ್ದವನ್ನು ನುಡಿಯುತ್ತದೆ. ಮಾತು ಆಗ ಯಾರದು? ಕತ್ತಿಯನ್ನು ಹೊಗಳಬೇಕೆಂದಾಗ ‘ಕತ್ತಿ ಚೆನ್ನಾಗಿ ಕತ್ತರಿಸುತ್ತದೆ’ ಎಂದು ಕರಣವನ್ನೇ ಕರ್ತೃವಾಗಿ ಹೇಳುವ ಪದ್ಧತಿಯುಂಟು. ಅದು ಹೇಳುವವನ ಇಚ್ಛೆಗೆ ಬಿಟ್ಟದ್ದೆಂದು ವೈಯಾಕರಣರು ಒಪ್ಪುತ್ತಾರೆ. ‘ಮೂಕ ಮಗುವನ್ನು ಯಂತ್ರವು ಮಾತನಾಡಿಸಿತು’ ಎಂಬ ಮಾತೂ ಅದೇ ಜಾತಿಯದು. ಆದರೆ ನಾಲಗೆಯೂ ಒಂದು ಕರಣವೇ ತಾನೆ? ಮಾಂಸದ ಕರಣದಿಂದ ನುಡಿದವನು ಕರ್ತೃವಾದರೆ ಗಾಜಿನ ಕರಣದಿಂದ ನುಡಿದವಳು ಏಕಾಗಬಾರದು?

ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ಕರ್ತೃವಿನ ಲಕ್ಷಣವು ಸ್ವಾತಂತ್ರ್ಯ. ಫಲಕದ ಮೇಲೆ ಯಾವ ಶಬ್ದಗಳಿರಬೇಕೆಂಬುದನ್ನು ಹಿರಿಯರು ಗೊತ್ತುಮಾಡುತ್ತಾರೆ. ‘ನೀರು’, ‘ಊಟ’, ‘ನಮಸ್ಕಾರ’ ಎಂಬವುಗಳನ್ನಿಟ್ಟು, ‘ಬೇಡ’, ‘ಯಾಕೆ’, ‘ನನಗೆ ಸಿಟ್ಟು ಬಂದಿದೆ’ ಎಂಬವುಗಳನ್ನು ಬಿಟ್ಟರೆ ಆ ಮಗುವು ನುಡಿಯುವುದೆಲ್ಲವೂ ಹಿರಿಯರ ಮಾತೇ ಆಗುತ್ತದೆ. ಗಿಳಿಗೆ ಪಾಠ ಹೇಳಿಸಿದಂತೆ. ‘ಬೇಡ’ವೆಂಬ ಗುಂಡಿಯನ್ನು ಕೊಟ್ಟರೆ ತರಗತಿಯು ಸಾಗುವುದು ಹೇಗೆಂಬ ಉಪಾಧ್ಯಾಯರ ಆತಂಕವು ಸುಳ್ಳಲ್ಲ. ಆದರೆ ಬೇರೆ ಮಕ್ಕಳು ಅದೇ ಮಾತನ್ನು ಬಾಯಿಂದಲೂ ಓಡಿಹೋಗಿಯೂ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಶಾಲೆಗಳು ಅದರಿಂದ ಮುಚ್ಚಿಹೋಗಿಲ್ಲ. ಭಾಷೆಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಹಲಸೂರಿನ ತಮಿಳು ಮನೆಯ ಮಗುವಿಗೂ, ಶಿವಾಜಿನಗರದ ಉರ್ದು ಮನೆಯ ಮಗುವಿಗೂ, ಕೃಷ್ಣರಾಜಪುರದ ಕನ್ನಡದ ಮನೆಯ ಮಗುವಿಗೂ ಇಂಗ್ಲಿಷಿನಲ್ಲಿ ಮಾತ್ರ ನುಡಿಯುವ ಒಂದೇ ಯಂತ್ರವನ್ನು ಕೊಟ್ಟರೆ, ಮಗುವು ಅಜ್ಜಿಯೊಡನೆ ಏನು ಮಾತನಾಡೀತು? ಈ ದಿಕ್ಕಿನಲ್ಲಿ ಕೆಲಸ ನಡೆಯದೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ರಚಿಸಿ 2019ರಲ್ಲಿ ವಿವರಣೆಯನ್ನು ಪ್ರಕಟಿಸಿದ ‘ಲಿಪಿ ಜ್ಞಾನಿ’ ಎಂಬುದು ಅಚ್ಚಾದ ಕನ್ನಡವನ್ನು ಗುರುತಿಸುತ್ತದೆ. ಹಳಗನ್ನಡದ ಪುಟಗಳನ್ನೂ ಕನ್ನಡ ಲಿಪಿಯ ಸಂಸ್ಕೃತ ಶ್ಲೋಕಗಳನ್ನೂ ಅದಕ್ಕೆ ಅಭ್ಯಾಸ ಮಾಡಿಸಿದ್ದಾರೆ. ಹೀಗೆ ಗುರುತಿಸಿದ ಪಠ್ಯವನ್ನು ಬ್ರೈಲ್ ಆಗಿಯೂ ಧ್ವನಿಯಾಗಿಯೂ ಮಾರ್ಪಡಿಸಿದರೆ ಕಣ್ಣಿಲ್ಲದ ವಿದ್ಯಾರ್ಥಿಗೆ ಓದಿ ಹೇಳುವವರ ಹಂಗು ತಪ್ಪುತ್ತದೆ.

ಇನ್ನು ಕೊಡುವವರ ವಿಷಯ. ನಿರ್ದಿಷ್ಟ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು 2013ರ ಕಂಪೆನಿ ಕಾಯಿದೆಯು ವಿಧಿಸಿತು. ಗಣಕಯಂತ್ರದ ಉದ್ಯಮಗಳು ತುಂಬಿರುವ ಈ ನಗರದಲ್ಲಿ ಶಾಲೆಗಳಿಗೆ ಅದರಿಂದ ಉಪಕಾರವಾಗಿದೆ. ಆದರೆ ವ್ಯಾಕರಣದಲ್ಲಿ ಒಂದು ಸೂಕ್ಷ್ಮವುಂಟು. ಬ್ರಾಹ್ಮಣನಿಗೆ ಹಸುವನ್ನು ಕೊಟ್ಟಾಗ ಅವನು ಸಂಪ್ರದಾನನಾಗುತ್ತಾನೆ. ಅಗಸನಿಗೆ ಬಟ್ಟೆಯನ್ನು ಕೊಟ್ಟಾಗ ಅಗಸನು ಆಗುವುದಿಲ್ಲ. ಏಕೆಂದರೆ ಬಟ್ಟೆಯ ಮೇಲಣ ತನ್ನ ಸ್ವತ್ವವನ್ನು ಕೊಟ್ಟವನು ಬಿಟ್ಟಿಲ್ಲ. ಯಂತ್ರದ ಬೆನ್ನಿಗೆ ದಾತೃವಿನ ಹೆಸರನ್ನು ಅಂಟಿಸಿ, ಭಾವಚಿತ್ರ ತೆಗೆಯಿಸಿಕೊಂಡು, ಅದು ಕೆಟ್ಟರೆ ಸರಿಪಡಿಸುವವರನ್ನಾಗಲಿ ಕಲಿಸುವವರನ್ನಾಗಲಿ ಒದಗಿಸದೆ ಹೋದರೆ, ಅಥವಾ ಶಾಲೆಯವರೇ ಒಡೆದೀತೆಂದು ಹೆದರಿ ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಅದು ಅಗಸನಿಗೆ ಕೊಟ್ಟ ಬಟ್ಟೆಯಷ್ಟೆ. ಮಗುವಿಗೆ ಏನನ್ನೂ ಕೊಟ್ಟಂತಾಗಲಿಲ್ಲ. ಮಿಗಿಲಾಗಿ, 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಮಾತಿಗೆ ಬದಲಾದ ಸಂವಹನ ಸಾಧನಗಳನ್ನೂ ಬ್ರೈಲ್ ಮತ್ತು ಸಂಜ್ಞಾಭಾಷೆಗಳನ್ನೂ ಶಿಕ್ಷಣದಲ್ಲಿ ಬಳಕೆಗೆ ತರುವುದು ಸರ್ಕಾರದ ಕರ್ತವ್ಯವೆಂದಿದೆ. ಹಾಗಿರುವಲ್ಲಿ ಇದನ್ನು ದಾನವೆನ್ನುವುದಕ್ಕಿಂತ ಋಣವೆನ್ನುವುದು ಶಾಸ್ತ್ರಕ್ಕೂ ಲೋಕಕ್ಕೂ ಒಪ್ಪುವ ಮಾತು.

ಹಣವಿಲ್ಲದ ನೆರೆಹೊರೆಯವರಿಗೂ ಈ ಋಣದಲ್ಲಿ ಪಾಲುಂಟು. ಫಲಕವನ್ನು ತೊಡೆಯ ಮೇಲಿಟ್ಟುಕೊಂಡ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಅಂಗಡಿಯ ಮುಂದೆ ಬಂದು ನಿಂತಳೆನ್ನಿ. ‘ಎರಡು ಪೆನ್ಸಿಲು ಕೊಡಿ’ ಎಂಬ ವಾಕ್ಯವನ್ನು ಕಣ್ಣಿನಿಂದ ಕೂಡಿಸುವುದಕ್ಕೆ ಅವಳಿಗೆ ಒಂದು ನಿಮಿಷವೋ ಎರಡು ನಿಮಿಷವೋ ಬೇಕು. ಅಂಗಡಿಯವನು ಅವಳ ತಾಯಿಯ ಮುಖವನ್ನು ನೋಡಿ ‘ಏನಮ್ಮ ಬೇಕಂತೆ?’ ಎಂದು ಕೇಳಿಬಿಡುವುದು ಸುಲಭ, ಹಿಂದೆ ನಿಂತ ಗಿರಾಕಿಗಳಿಗೂ ಅದೇ ಅನುಕೂಲ. ಅವನು ಕೇಳದೆ, ತಕ್ಕಡಿಯನ್ನು ಬದಿಗಿಟ್ಟು, ಅವಳನ್ನೇ ನೋಡುತ್ತ ಕಾದನೆನ್ನಿ. ತಾಯಿಯೂ ಬಾಯಿಗೆ ಬಂದ ಮಾತನ್ನು ತಡೆದು ಸುಮ್ಮನಿದ್ದಾಳೆ. ಯಂತ್ರವು ನುಡಿಯುತ್ತದೆ, ಅವಳು ಕೇಳಿದ್ದು ಪೆನ್ಸಿಲಲ್ಲ, ಪೆಪ್ಪರಮೆಂಟು.