ಗೆದ್ದವನ ಕೈಯ ತಕ್ಕಡಿ

ಯುದ್ಧವು ಮುಗಿದ ಮೇಲೆ ಸೋತವನನ್ನು ವಿಚಾರಿಸುವ ಅಧಿಕಾರ ಯಾರದು? ಗೆದ್ದವನೇ ನ್ಯಾಯಾಧೀಶನಾಗಿ ಕುಳಿತರೆ ಅವನ ತೀರ್ಪು ನ್ಯಾಯವೆನಿಸೀತೆ? ನರಗುಂದದ ಗುಡ್ಡವನ್ನು ಬಲ್ಲವರಿಗೆ ಈ ಪ್ರಶ್ನೆಯು ದೂರದ್ದಲ್ಲ.

ದತ್ತಕಕ್ಕೆ ಸಮ್ಮತಿ ದೊರೆಯದುದರಿಂದಲೂ ಆಯುಧಗಳನ್ನು ಒಪ್ಪಿಸಬೇಕೆಂಬ ಕಟ್ಟಳೆಯಿಂದಲೂ ನೊಂದಿದ್ದ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು 1858ರ ಮೇ ತಿಂಗಳಲ್ಲಿ ಇಂಗ್ಲಿಷರ ವಿರುದ್ಧ ದಂಗೆಯೆದ್ದರು. ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಸಂಸ್ಥಾನವನ್ನು ಸರಕಾರವು ವಶಪಡಿಸಿಕೊಂಡಿತು. ಕೊಲೆ ನಡೆದುದು ದಿಟ. ಆದರೆ ದೂರಿದವರೂ, ಕಾಯಿದೆ ಮಾಡಿದವರೂ, ತೀರ್ಪಿತ್ತವರೂ ಒಂದೇ ಪಕ್ಷದವರು. ಆ ಸರಕಾರದ ನಡತೆಯನ್ನು ವಿಚಾರಿಸುವ ಪೀಠವು ಎಲ್ಲಿಯೂ ಇರಲಿಲ್ಲ.

ಸುಮಾರು ತೊಂಬತ್ತು ವರುಷಗಳ ತರುವಾಯ ಇದೇ ಪ್ರಶ್ನೆ ಲೋಕದ ಮುಂದೆ ಬಂದಿತು. ಎರಡನೆಯ ಮಹಾಯುದ್ಧವು ಮುಗಿದ ಬಳಿಕ, 1946ರಿಂದ 1948ರವರೆಗೆ, ಟೋಕಿಯೋದಲ್ಲಿ 11 ರಾಷ್ಟ್ರಗಳ ನ್ಯಾಯಾಧೀಶರು ಜಪಾನಿನ ನಾಯಕರನ್ನು ವಿಚಾರಿಸಿದರು. 7 ಮಂದಿಗೆ ಮರಣದಂಡನೆಯಾಯಿತು. ಭಾರತದಿಂದ ಹೋಗಿದ್ದ ರಾಧಾಬಿನೋದ ಪಾಲರು ಮಾತ್ರ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದು ಬರೆದರು. ಜಪಾನೀ ಸೈನ್ಯದ ಕ್ರೌರ್ಯವನ್ನು ಅವರು ಅಲ್ಲಗಳೆಯಲಿಲ್ಲ. ಯುದ್ಧಾನಂತರ ರಚಿಸಿದ ಕಾಯಿದೆಯಿಂದ ಹಿಂದಿನ ಕೃತ್ಯವನ್ನು ಅಳೆಯಲಾಗದೆಂಬುದು ಅವರ ವಾದ. ಹಿರೋಷಿಮಾ ನಾಗಾಸಾಕಿಗಳ ಮೇಲೆ ಅಣುಬಾಂಬು ಹಾಕಿದವರನ್ನು ಯಾವ ನ್ಯಾಯಾಲಯವೂ ಕರೆಯಲಿಲ್ಲವೆಂಬುದನ್ನು ಲೋಕವು ಇಂದಿಗೂ ಮರೆತಿಲ್ಲ.

ಹಾಗಾದರೆ ವಿಚಾರಣೆಯೇ ಬೇಡವೆ? ನಾನ್‌ಜಿಂಗ್, ಮನಿಲಾ ನಗರಗಳಲ್ಲಿ ಮಡಿದ ನಿರಪರಾಧಿಗಳ ಮೊರೆಗೆ ಕಿವಿಗೊಡುವವರು ಯಾರು? ಅಪೂರ್ಣವಾದ ನ್ಯಾಯಾಲಯವೂ ಸೇಡಿಗಿಂತ ಮೇಲು. ಅಲ್ಲಿ ಸಾಕ್ಷಿಯುಂಟು, ಪ್ರತಿವಾದವುಂಟು, ಪಾಲರಂಥವರ ಭಿನ್ನಮತಕ್ಕೂ ಎಡೆಯುಂಟು. ಆದರೆ ಮೇಲೆಂದ ಮಾತ್ರಕ್ಕೆ ಅದು ಸಾಕೆಂದಾಗದು. ರೋಣ, ಗಜೇಂದ್ರಗಡಗಳ ಸಂತೆಯಲ್ಲಿ ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಟ್ಟು ತೂಗುವ ವ್ಯಾಪಾರಿಯನ್ನು ಯಾರೂ ನಂಬರು. ಅವನ ತಕ್ಕಡಿ ಎಷ್ಟು ನೇರವಾಗಿ ನಿಂತರೂ ನಂಬರು.

ಒಂದೇ ಕಲ್ಲಿನಿಂದ ಎಲ್ಲರನ್ನೂ ತೂಗುವ ಆಸೆಯಿಂದ 1998ರಲ್ಲಿ ರೋಮಿನಲ್ಲಿ ಒಪ್ಪಂದವಾಗಿ, 2002ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ದಂಡನ್ಯಾಯಾಲಯವು ಅಸ್ತಿತ್ವಕ್ಕೆ ಬಂದಿತು. ಅಮೆರಿಕ, ರಶಿಯಾ, ಚೀನಗಳು ಅದರ ಸದಸ್ಯರಲ್ಲ, ಭಾರತವೂ ಅಲ್ಲ. ಬಲವಂತರು ಇನ್ನೂ ತಕ್ಕಡಿಯ ಹೊರಗಿದ್ದಾರೆ.

ನಡೆಯೂ ನುಡಿಯೂ ಒಂದಾಗಬೇಕೆಂದು ಶರಣರು ಬೋಧಿಸಿದುದು ನ್ಯಾಯಪೀಠಕ್ಕೂ ಸಲ್ಲುತ್ತದೆ. ಅಣ್ಣತಮ್ಮಂದಿರ ಪಾಲನ್ನು ಬಗೆಹರಿಸಲು ಕುಳಿತ ಮನೆಯ ಹಿರಿಯನಾಗಲಿ, ರಾಷ್ಟ್ರಗಳನ್ನು ವಿಚಾರಿಸುವ ಮಹಾಪಂಡಿತನಾಗಲಿ, ಪರರಿಗೆ ವಿಧಿಸುವ ಕಟ್ಟಳೆಗೆ ಮೊದಲು ತಾನು ತಲೆಬಾಗಬೇಕು. ಹಾಗೆ ಬಾಗಿದ ದಿನವೇ ಗೆದ್ದವನ ತೀರ್ಪು ಸೋತವನಿಗೂ ನ್ಯಾಯವಾಗಿ ತೋರೀತು.