ಏಕಾದಶಿಯ ದಿನದ ಲಿಥಿಯಂ

“ಗುಳಿಗಿ ತೊಗೊಂಡ ಮ್ಯಾಲೆ ಇರೋಕಿ ನಾನೇ ಏನು, ಮಾಮಾ?”

ಬೈಪೋಲಾರ್ ಕಾಯಿಲೆ ಎಂದು ಮನೋವೈದ್ಯೆ ಹೇಳಿದ ಮೇಲೆ ನನ್ನ ತಂಗಿಯ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗೆ ಹತ್ತೊಂಬತ್ತು; ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಾಳೆ. ನಾನು ಸಂಸ್ಕೃತ ಕಲಿಸಿ ನಿವೃತ್ತನಾದವನು. ಔಷಧದ ವಿಚಾರ ವೈದ್ಯರದು, ಸರಿ. ಆದರೆ ‘ನಾನು’ ಯಾರು ಎಂಬುದು ನಾನೇ ಪಾಠ ಹೇಳುತ್ತ ಬಂದ ವಿಷಯ. ಅದರಿಂದ ನುಣುಚಿಕೊಳ್ಳುವಂತಿರಲಿಲ್ಲ.

ಅವಳಿಗೆ ಉನ್ಮಾದ ಬಂದದ್ದು ಭಕ್ತಿಯ ರೂಪದಲ್ಲಿ. ಊಟ ನಿದ್ದೆ ಬಿಟ್ಟು ರಾತ್ರಿಯಿಡೀ ತಂಬೂರಿ ಹಿಡಿದು ದಾಸರ ಪದ ಹಾಡಿದಳು. ವೇಗ ಏರುತ್ತ ಏರುತ್ತ ಒಂದು ಪದದ ಪಲ್ಲವಿಗೆ ಇನ್ನೊಂದರ ಚರಣ ಬಂದು ಸೇರತೊಡಗಿತು. ಕೈಯ ಬಳೆ ಬಿಚ್ಚಿ ಬಾಗಿಲಿಗೆ ಬಂದವರಿಗೆ ಕೊಟ್ಟಳು. ಬಂಧುಗಳು ‘ಹರಿದಾಸರ ಅಂಶ’ ಎಂದು ಕೈಮುಗಿದರು. ಆಮೇಲೆ ಖಿನ್ನತೆ. ತಲೆ ಬಾಚಿಕೊಳ್ಳುವ ತ್ರಾಣವೂ ಇಲ್ಲದೆ ಗೋಡೆಗೆ ಮುಖ ಮಾಡಿ ಮಲಗಿದಳು, ಬದುಕು ಸಾಕು ಎಂದಳು. ಹಾಡುತ್ತಿದ್ದವಳೇ ನಿಜವಾದ ತಾನು, ಗುಳಿಗೆ ಅವಳನ್ನು ಇಲ್ಲವಾಗಿಸುತ್ತದೆ ಎಂಬುದು ಅವಳ ಭಯ.

ನಾನು ಅವಳಿಗೆ ಛಾಂದೋಗ್ಯೋಪನಿಷತ್ತಿನ ಶ್ವೇತಕೇತುವಿನ ಕಥೆ ಹೇಳಿದೆ. ತಂದೆ ಉದ್ದಾಲಕ ಅವನಿಗೆ ಹದಿನೈದು ದಿನ ಉಣ್ಣಬೇಡ, ನೀರು ಮಾತ್ರ ಕುಡಿ ಎನ್ನುತ್ತಾನೆ. ಹದಿನಾರನೆಯ ದಿನ ವೇದ ಹೇಳು ಎಂದರೆ ಹುಡುಗನಿಗೆ ಒಂದು ಮಂತ್ರವೂ ಹೊಳೆಯುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ನೆನಪಾಗುತ್ತದೆ. ಮನಸ್ಸು ಅನ್ನದಿಂದ ಆದದ್ದು ಎಂದು ಉದ್ದಾಲಕ ಮಗನಿಗೆ ತೋರಿಸಿಕೊಟ್ಟ ಬಗೆ ಇದು. ಅನ್ನಕ್ಕೆ ಮನಸ್ಸನ್ನು ಕಟ್ಟುವ ಶಕ್ತಿ ಇದೆ ಎಂದು ಒಪ್ಪುವವರು ಒಂದು ಲವಣಕ್ಕೆ ಅದನ್ನು ನೆಲೆಗೆ ತರುವ ಶಕ್ತಿ ಇದೆ ಎಂದರೆ ಬೆಚ್ಚಬೇಕಿಲ್ಲ.

ನಮ್ಮ ಮಧ್ವಮತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನಸ್ಸು ಒಂದು ಇಂದ್ರಿಯ. ಕಣ್ಣಿಗೆ ಭ್ರಮೆಯಾಗುವಂತೆ ಅದಕ್ಕೂ ಆಗುತ್ತದೆ. ಸುಖದುಃಖಗಳನ್ನು ತನ್ನವೆಂದು ಅರಿಯುವ ಸಾಕ್ಷಿ ಮಾತ್ರ ಜೀವದ ಸ್ವರೂಪವೇ ಆಗಿದ್ದು, ಅದು ತಪ್ಪುವುದಿಲ್ಲ. ಆ ರಾತ್ರಿಗಳ ಉಬ್ಬರವನ್ನೂ ಆಮೇಲಿನ ಕತ್ತಲನ್ನೂ ಕಂಡವಳು ಒಬ್ಬಳೇ, ಈಗ ನನ್ನೆದುರು ಕೂತು ಪ್ರಶ್ನೆ ಕೇಳುತ್ತಿರುವವಳೂ ಅವಳೇ. ಅಲ್ಲಿಗೆ ಯಾವ ಗುಳಿಗೆಯೂ ತಲುಪುವುದಿಲ್ಲ. ಇನ್ನು ಅವಳ ಭಕ್ತಿ ಸುಳ್ಳೇ? ಅಲ್ಲ. ಆದರೆ ಭಗವಂತನ ಮಹಿಮೆಯ ಅರಿವಿನೊಡನೆ ಕೂಡಿದ, ಅಲುಗದ ಪ್ರೀತಿಯನ್ನು ಭಕ್ತಿ ಎಂದರು ಮಧ್ವರು. ಅಲುಗದೆ ನಿಲ್ಲಲು ಮನಸ್ಸಿಗೆ ಆರೋಗ್ಯ ಬೇಕು.

ಯಾವ ಔಷಧ ಎಂಬುದು ಮುಂದಿನ ಮಾತು. ಅದೂ ಧರ್ಮದ ಪ್ರಶ್ನೆಯೇ, ಏಕೆಂದರೆ ದೋಷವಿಲ್ಲದ ಔಷಧ ಒಂದೂ ಇಲ್ಲ. ವಾಲ್ಪ್ರೊಯೇಟನ್ನು ವೈದ್ಯೆ ಮೊದಲೇ ಬದಿಗಿಟ್ಟರು: ಮುಂದೆ ಗರ್ಭ ನಿಂತರೆ ಮಗುವಿನ ಬೆನ್ನುಹುರಿಗೂ ಮಿದುಳಿನ ಬೆಳವಣಿಗೆಗೂ ಅದರಿಂದ ಅಪಾಯ. ಲ್ಯಾಮೊಟ್ರಿಜಿನ್ ಮುಖ್ಯವಾಗಿ ಖಿನ್ನತೆ ಮರುಕಳಿಸದಂತೆ ಕಾಯುತ್ತದೆ, ಉನ್ಮಾದವನ್ನು ಅಷ್ಟಾಗಿ ತಡೆಯದು. ಅಪರೂಪಕ್ಕೆ ಚರ್ಮದ ಮೇಲೆ ಜೀವಕ್ಕೇ ಕುತ್ತು ತರುವ ದದ್ದು ಏಳಬಹುದಾದ್ದರಿಂದ ಪ್ರಮಾಣವನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಕ್ವೆಟಿಯಾಪಿನ್‌ನಿಂದ ಮಂಪರು, ತೂಕ. ಲಿಥಿಯಂ ಹಳೆಯದು, ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟು ಕಂಡದ್ದನ್ನು 1949ರಲ್ಲಿ ಪ್ರಕಟಿಸಿದರು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬುದಕ್ಕೆ ಅದರಷ್ಟು ಒಳ್ಳೆಯ ಆಧಾರ ಬೇರೆ ಮೂಡ್ ಸ್ಟೆಬಿಲೈಸರ್‌ಗಳಿಗೆ ಇಲ್ಲ. ಆದರೆ ಅದು ಜಾಗ್ರತೆ ಬೇಡುತ್ತದೆ. ಥೈರಾಯ್ಡ್, ಕಿಡ್ನಿ ಪರೀಕ್ಷಿಸುತ್ತಿರಬೇಕು. ರಾತ್ರಿಯ ಗುಳಿಗೆ ನುಂಗಿ 12 ತಾಸಿಗೆ ರಕ್ತ ಕೊಡಬೇಕು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ.

ವೈದ್ಯೆ ಇದನ್ನೆಲ್ಲ ನಮಗಲ್ಲ, ಅವಳಿಗೆ ಹೇಳಿದರು. ಅವಳು ಕೇಳಿದ್ದು ಎರಡೇ: ಕೈ ನಡುಗಿದರೆ ತಂಬೂರಿ ಮೀಟಲು ಆದೀತೇ, ಮುಂದೆ ಮಕ್ಕಳಾಗಬಹುದೇ. ನಡುಕ ಬರಬಹುದು, ಬಂದರೆ ಪ್ರಮಾಣ ನೋಡಿ ಸರಿಪಡಿಸೋಣ. ಮಗು ಬೇಕೆನಿಸಿದಾಗ ಮೊದಲೇ ಬಂದು ಹೇಳು, ಕೂಡಿ ಯೋಚಿಸೋಣ ಎಂಬ ಉತ್ತರ ಬಂತು. ಯೋಚಿಸಿ ಲಿಥಿಯಂ ಎಂದಳು.

ಆಗ ಏಕಾದಶಿ ಎದುರಾಯಿತು. ನಮ್ಮ ಮನೆಯಲ್ಲಿ ನಿರ್ಜಲ ಉಪವಾಸ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಹೊರಹಾಕದೆ ಉಳಿಸಿಕೊಳ್ಳುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಉಪ್ಪು ಬಿಡುವ ಹರಕೆಯೂ ಹಾಗೆಯೇ ಅಪಾಯ. ಶಿವರಾತ್ರಿಯ ಜಾಗರಣೆ ಉನ್ಮಾದವನ್ನೇ ಕೆರಳಿಸಬಹುದು. “ಒಂದು ದಿನಕ್ಕ ಏನಾಗ್ತದ?” ಎಂದರು ನಮ್ಮ ಹಿರಿಯ ಅತ್ತಿಗೆ. ರೋಗಿಗೆ ಉಪವಾಸದಿಂದ ವಿನಾಯಿತಿ ಶಾಸ್ತ್ರದಲ್ಲೇ ಇದೆ ಎಂದೆ. ಅದನ್ನು ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿ ಎಂದುಕೊಳ್ಳುವುದೇ ತಪ್ಪು. ಶರೀರವನ್ನು ದೇವರು ಸಾಧನೆಗೆಂದು ಕೊಟ್ಟಿದ್ದರೆ ಅದನ್ನು ಕಾಪಾಡುವುದು ಸಾಧನೆಯ ಮೊದಲ ಭಾಗ. ಈಗ ಏಕಾದಶಿಯಂದು ಅವಳು ಹೊತ್ತಿಗೆ ಸರಿಯಾಗಿ ಉಂಡು, ನೀರು ಕುಡಿದು, ಗುಳಿಗೆ ನುಂಗಿ, ಸಂಜೆ ಒಂದೇ ಒಂದು ಪದ ಹಾಡಿ ಹತ್ತಕ್ಕೆ ಮಲಗುತ್ತಾಳೆ. ಅದು ಅವಳ ವ್ರತ. ನನ್ನ ಉಪವಾಸಕ್ಕಿಂತ ಅದು ಕಡಿಮೆ ಎಂದು ನಾನು ನಂಬುವುದಿಲ್ಲ.

ಮನೆಯಲ್ಲಿ ಇಂಥ ಮಗು ಇರುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ. ರಾಯರ ಮಠಕ್ಕೆ ಕರೆದುಕೊಂಡು ಹೋಗಿ, ಮಂತ್ರಾಕ್ಷತೆ ಹಾಕಿಸಿ, ಅದರಿಂದ ಬಲ ಬರುತ್ತದೆ. ಆದರೆ “ಇನ್ನು ದೇವರ ಮೇಲೆ ಭಾರ ಹಾಕು, ಗುಳಿಗಿ ಬಿಡು” ಎಂದು ಯಾರಾದರೂ ಅಂದರೆ ಅವರನ್ನು ಅಲ್ಲೇ ತಡೆಯಿರಿ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರಳುವ ಸಾಧ್ಯತೆ ಹೆಚ್ಚು, ಪ್ರಾಣಕ್ಕೂ ಅಪಾಯ. ದೇವರ ಮೇಲೆ ಭಾರ ಹಾಕಬೇಕಾದದ್ದು ಗುಳಿಗೆ ನುಂಗಿದ ಮೇಲೆ.