ಕೆರೆಯಂಗಳ ಖಾಲಿ ಜಾಗವೇ?

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿಯುವಾಗ, ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳಕ್ಕೆ ಕಾಲಿಡುತ್ತಿದ್ದೇವೆಂಬುದು ನಮಗೆ ನೆನಪಾಗುವುದಿಲ್ಲ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಿದ್ದ ಜಾಗದಲ್ಲಿ. ನಿಲ್ದಾಣವೂ ಕ್ರೀಡಾಂಗಣವೂ ಜನರಿಗೆ ಬೇಕಾದವುಗಳೇ. ಹಾಗಾದರೆ ದುರುದ್ದೇಶವಿಲ್ಲದೆಯೂ ಅನ್ಯಾಯ ನಡೆಯಬಹುದೇ?

ಬೇಸಿಗೆಯಲ್ಲಿ ಒಣಗಿದ ಕೆರೆ ನಮ್ಮ ಕಣ್ಣಿಗೆ ಖಾಲಿ ಜಾಗ. ವಾಸ್ತವದಲ್ಲಿ ಅದು ಮುಂದಿನ ಮಳೆಗೆ ಕಾದಿರಿಸಿದ ಜಾಗ. ಬೆಂಗಳೂರಿನ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. ಆದ್ದರಿಂದಲೇ ಹಿರಿಯರು ತಗ್ಗುಗಳಿಗೆ ಏರಿ ಕಟ್ಟಿ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆ ಸೇರುವಂತೆ ಮಾಡಿದರು. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಅಂಚಿನ ಜೌಗು ನೆಲವೂ ಜೊಂಡೂ ಹರಿವನ್ನು ತಡೆದು, ಕೊಳೆಯನ್ನು ಸೋಸುತ್ತಿದ್ದವು.

ನಾವು ಈ ಸರಪಳಿಯನ್ನು ಅಲ್ಲಲ್ಲಿ ಕಡಿದೆವು. ಉಳಿದ ಕೆರೆಗಳಿಗೆ ಚರಂಡಿ ತಿರುಗಿಸಿದೆವು. 2015, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ನೀರಿಗೇ ಬೆಂಕಿ ಬೀಳುವುದನ್ನು ನಾವು ಕಂಡೆವು! 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಲಿನ ಶ್ರೀಮಂತ ಬಡಾವಣೆಗಳ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತರಬೇಕಾಯಿತು. ಅದೇ ನಗರ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗಾಗಿ ಕಾದು ನಿಂತಿತು.

ಹೊಣೆ ಯಾರದು? ಮನೆ ಕೊಂಡವನು, 'ನನ್ನ ಕಾಗದಪತ್ರ ಸರಿಯಿದೆ' ಎನ್ನುತ್ತಾನೆ. ಕಟ್ಟಿದವನು ಪರವಾನಗಿ ತೋರಿಸುತ್ತಾನೆ. ಪರವಾನಗಿ ಕೊಟ್ಟವರು, ನಗರ ಬೆಳೆಯಬೇಡವೇ ಎಂದು ಕೇಳುತ್ತಾರೆ. ಒಂದೊಂದು ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ತಪ್ಪನ್ನು ಹತ್ತು ಜನ ಹಂಚಿಕೊಂಡರೆ ಹೊಣೆ ಹಗುರವಾಗುತ್ತದೆ ಎಂದುಕೊಳ್ಳುವುದು ನಮ್ಮ ಭ್ರಮೆ. ಮುಚ್ಚಿದ ಕೆರೆಯ ನೀರು ಇಳಿಜಾರಿನಲ್ಲಿರುವ ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ಆ ಇನ್ನೊಬ್ಬರು ಎಷ್ಟೋ ಬಾರಿ ಕಾಲುವೆಯಂಚಿನ ಗುಡಿಸಲಿನವರು. ನಗರದಲ್ಲಿ ಬೇರೆಲ್ಲೂ ನೆಲೆ ಸಿಗದೆ ಅಲ್ಲಿ ನಿಂತವರನ್ನೂ, ಲಾಭಕ್ಕಾಗಿ ಕಾಲುವೆಯನ್ನೇ ಕಿರಿದಾಗಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಒತ್ತುವರಿ ತೆರವು ಮೊದಲು ಗುಡಿಸಲಿಗೆ ಬಂದು, ಬಂಗಲೆಯ ಮುಂದೆ ನಿಂತುಬಿಟ್ಟರೆ ಅದು ಇನ್ನೊಂದು ಅನ್ಯಾಯ.

ಮೆಜೆಸ್ಟಿಕ್ ಮತ್ತೆ ಕೆರೆಯಾಗದು. ಕಳೆದುಹೋದುದನ್ನೆಲ್ಲ ಮರಳಿಸಲು ನಮ್ಮಿಂದ ಸಾಧ್ಯವಿಲ್ಲ. ಆದರೆ ಉಳಿದಿರುವ ಕೆರೆಗೆ ಕೊಳಚೆ ಹೋಗದಂತೆ ತಡೆಯಬಹುದು, ಕಾಲುವೆಗಳನ್ನು ತೆರೆದಿಡಬಹುದು. ನಿವೇಶನ ಕೊಳ್ಳುವ ಮುನ್ನ ಬೆಲೆಯ ಜೊತೆಗೆ, ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂದೂ ಕೇಳಬಹುದು. ಉತ್ತರ ನಮಗೆ ಅನುಕೂಲವಾಗಿಲ್ಲದಿದ್ದರೆ ಅಗ್ಗದ ನಿವೇಶನವನ್ನೂ ಬಿಟ್ಟು ಬರಲು ನಾವು ಸಿದ್ಧರಿದ್ದೇವೆಯೇ? ಕೆರೆ ನುಂಗಿದವರನ್ನು ಬಯ್ಯುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.